ಯಾರೂ ಮುಟ್ಟದ ಬೇಸ್ ಗಿಟಾರ್

ಹೋದ ವರ್ಷದ ನವೆಂಬರ್. ಮಲೇಷ್ಯಾದ ಪಿನಾಂಗಿನ ಬಯಾನ್ ಲೆಪಾಸಿನಲ್ಲಿ, ಒಂಬತ್ತನೇ ಮಹಡಿಯ ಮನೆಯೊಂದರಲ್ಲಿ ಗೃಹಿಣಿಯಾಗಿರುವುದು ಆಗ ನನ್ನ ಹುದ್ದೆ, ಈಗಲೂ ಅದೇ. ಮದುವೆಗೆ ಮುಂಚೆ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಆರು ವರ್ಷ ಸರ್ಕಿಟ್ ಬೋರ್ಡುಗಳ ಬೆಸುಗೆ ಪರೀಕ್ಷಿಸುತ್ತಿದ್ದೆ. ಗಂಡನ ಹಿಂದೆ ಇಲ್ಲಿಗೆ ಬಂದ ನನಗೆ ನೌಕರಿಯ ಪರವಾನಗಿ ಇಲ್ಲ. ಆದರೆ ಸೋಲ್ಡರಿಂಗ್ ಐರನ್ ಕೈಬಿಡಲಿಲ್ಲ. ನಮ್ಮ ಚರ್ಚಿನವರ ಮಿಕ್ಸಿ, ಟೇಬಲ್ ಫ್ಯಾನು, ಕ್ರಿಸ್ಮಸ್ ನಕ್ಷತ್ರದ ದೀಪ ಎಲ್ಲವೂ ನನ್ನ ಊಟದ ಮೇಜಿಗೆ ಬರುತ್ತವೆ. ಅವನ್ನು ವಾಪಸು ಒಯ್ಯುವಾಗ ಯಾರಾದರೂ ತಪಾವ್ ಡಬ್ಬಿಯಲ್ಲಿ, ಅಂದರೆ ಇಲ್ಲಿನ ಪಾರ್ಸೆಲ್ ಡಬ್ಬಿಯಲ್ಲಿ, ಮೀನು ಸಾರು ಕಟ್ಟಿಸಿಕೊಂಡು ಬಂದು ಇಟ್ಟುಹೋಗುತ್ತಾರೆ. ಅಷ್ಟೇ ವ್ಯವಹಾರ.

ಆ ಸೋಮವಾರ ಬಂದದ್ದು ರೊನಾಲ್ಡ್ ಅಂಕಲ್‌ರ ಬೇಸ್ ಗಿಟಾರ್. ಅಂಕಲ್ ಮಂಗಳೂರಿನವರು, ವಯಸ್ಸು ಅರವತ್ತೊಂಬತ್ತು, ನಮಗಿಂತ ಎರಡು ಮಹಡಿ ಕೆಳಗಿನ ಮನೆ. ಚರ್ಚಿನ ಗಾಯನ ತಂಡದಲ್ಲಿ ಹನ್ನೊಂದು ವರ್ಷದಿಂದ ಬೇಸ್ ನುಡಿಸುತ್ತಾರೆ. ಒಂದೂವರೆ ವರ್ಷದಿಂದ ಅವರ ಬಲಗೈ ಸಣ್ಣಗೆ ನಡುಗುತ್ತದೆ. ಕಾಫಿ ಕಪ್ಪನ್ನು ತಟ್ಟೆಯ ಸಮೇತ ಹಿಡಿಯುವುದನ್ನು ಬಿಟ್ಟಿದ್ದಾರೆ ಎಂಬುದನ್ನು ನಾನು ಗಮನಿಸಿದ್ದೆ.

ಗಿಟಾರಿನ ತೊಂದರೆ ಇದು: ನುಡಿಸುತ್ತ ಹತ್ತು ನಿಮಿಷವಾದರೆ ಸ್ಪೀಕರಿನಲ್ಲಿ ಕರಕರ ಸದ್ದು, ನಡುನಡುವೆ ಸ್ವರವೇ ಮಾಯ. ತಂಡದ ಮುಖ್ಯಸ್ಥೆ ಆಗ್ನೆಸ್ ಪಿನಾಂಗಿನ ತಮಿಳರು, ಒಳ್ಳೆಯ ಹೆಂಗಸು. ಹಿಂದಿನ ದಿನ ಪೂಜೆ ಮುಗಿದ ಮೇಲೆ ಅವರು ಅಂಕಲ್‌ರ ಹೆಗಲು ಮುಟ್ಟಿ, "ಅಂಕಲ್, ಯು ರೆಸ್ಟ್ ಲಾ. ಮುಂದಿನ ಭಾನುವಾರ ತಂಡದ ಹಬ್ಬ. ಅವತ್ತೂ ಹೀಗಾದ್ರೆ ಬೇಸ್ ಭಾಗ ಕೀಬೋರ್ಡಿನಲ್ಲೇ ಮಾಡೋಣ" ಎಂದಿದ್ದರು. ನಡುಗುವ ಕೈ ಗಿಟಾರಿನ ಸದ್ದು ಹೊಂದಿಸುವ ಗುಂಡಿಗಳಿಗೆ ತಾಕಿ ಸದ್ದು ಬರುತ್ತಿದೆ ಎಂದು ಎಲ್ಲರ ನಂಬಿಕೆ. ಅಂಕಲ್‌ರದೂ ಅದೇ.

"ನೋಡು ಐರಿನ್," ಎಂದರು ಅವರು, ಗಿಟಾರನ್ನು ಮೇಜಿನ ಮೇಲಿಡುತ್ತ. "ಹಾಳಾದದ್ದು ಇದಾ, ನಾನಾ ಅಂತ ಒಮ್ಮೆ ಹೇಳಿಬಿಡು ಮಾರಾಯ್ತಿ. ನಾನಾದ್ರೆ ಇನ್ನು ಮುಟ್ಟುವುದಿಲ್ಲ."

ಇಂಥ ಪ್ರಶ್ನೆಯನ್ನು ಯಾವ ಮಿಕ್ಸಿಯ ಜೊತೆಗೂ ಯಾರೂ ನನ್ನನ್ನು ಕೇಳಿರಲಿಲ್ಲ.

ಓದುವವರಿಗೆ ಎರಡು ಮಾತು ಹೇಳಬೇಕು. ಬೇಸ್ ಗಿಟಾರಿನ ತಂತಿಗಳ ಕೆಳಗೆ ಪಿಕಪ್ ಎಂಬ ಕಾಂತದ ಸುರುಳಿಗಳಿರುತ್ತವೆ. ತಂತಿಯ ಕಂಪನವನ್ನು ಅವು ಸಣ್ಣ ವಿದ್ಯುತ್ತಾಗಿಸುತ್ತವೆ. ಕೆಲವು ಗಿಟಾರುಗಳಲ್ಲಿ ಆ ವಿದ್ಯುತ್ತನ್ನು ಬಲಪಡಿಸಲು ಪ್ರೀಆಂಪ್ ಎಂಬ ಪುಟ್ಟ ಬೋರ್ಡ್ ಇರುತ್ತದೆ. ಅದಕ್ಕೆ ಒಂಬತ್ತು ವೋಲ್ಟಿನ ಬ್ಯಾಟರಿ ಬೇಕು. ಅಂಕಲ್‌ರದು ಅಂಥದ್ದು.

ನಾನು ಬ್ಯಾಟರಿ ಬದಲಿಸಿದೆ. ವಯರು ಸಿಕ್ಕಿಸುವ ಜಾಕ್ ಸಡಿಲವಾಗಿತ್ತು, ಹೊಸದು ಹಾಕಿದೆ. ಅಂಕಲ್ ನಮ್ಮ ಹಾಲಿನಲ್ಲಿ ಕೂತು ನಲವತ್ತು ನಿಮಿಷ ನುಡಿಸಿದರು. ಒಂದು ಕರಕರವೂ ಇಲ್ಲ. ಅವರ ಕಣ್ಣು ತುಂಬಿತು. ನಾನು ಅವಸರಪಟ್ಟು, "ಜಾಕ್ ಅಂಕಲ್, ಬರೀ ಜಾಕ್" ಎಂದುಬಿಟ್ಟೆ.

ಬುಧವಾರ ಸಂಜೆ ಚರ್ಚಿನಲ್ಲಿ ಅಭ್ಯಾಸ, ನಾನೂ ಹೋಗಿದ್ದೆ. ಎರಡನೇ ಹಾಡಿಗೇ ಕರಕರ ಶುರುವಾಯಿತು. ಎಲ್ಲರ ಕಣ್ಣೂ ಅಂಕಲ್‌ರ ಬಲಗೈ ಮೇಲಿತ್ತು. ಅವರು ವಯರು ಕಿತ್ತು, ನಿಧಾನಕ್ಕೆ ಸುರುಳಿ ಸುತ್ತಿದರು. "ಈಗ ಗೊತ್ತಾಯ್ತಲ್ಲ," ಎಂದಷ್ಟೇ ಹೇಳಿ ಹೊರಟರು. ನಾನು ಕೊಟ್ಟ ಅರೆಬೆಂದ ಉತ್ತರ ಅವರಿಗೆ ತೀರ್ಪಾಗಿಬಿಟ್ಟಿತ್ತು.

ಗುರುವಾರ ಬೆಳಿಗ್ಗೆ ಅವರ ಮನೆಗೆ ಫೋನ್ ಮಾಡಿದೆ. ಅಂಕಲ್ ಬರಲೊಪ್ಪಲಿಲ್ಲ. ಅವರ ಹೆಂಡತಿ ಸ್ಟೆಲ್ಲಾ ಆಂಟಿಯೇ ಗಿಟಾರನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ತಂದರು.

"ಮಾರಿಬಿಡ್ತೇನೆ ಅಂತಾರೆ. ನಿನ್ನೆಯಿಂದ ಸರಿ ಮಾತೇ ಇಲ್ಲ," ಎಂದರು.

ಹಿಂಬದಿಯ ಮುಚ್ಚಳ ಬಿಚ್ಚಿದೆ. ಸೋಮವಾರ ನಾನು ಜಾಕಿನ ಬಳಿಯಷ್ಟೇ ನೋಡಿದ್ದೆ. ಈಗ ಪ್ರೀಆಂಪನ್ನು ಹೊರಗೆಳೆದು ಭೂತಗನ್ನಡಿ ಹಿಡಿದೆ. ಗುಂಡಿಗಳ ದಂಡ ಇಳಿದುಬರುವ ಕಡೆ, ಬೋರ್ಡಿನ ಎರಡು ತಾಮ್ರದ ಗೆರೆಗಳ ನಡುವೆ, ಹಸಿರು ಕಿಲುಬು. ಅದರ ಸುತ್ತ ಸಣ್ಣ ಬಿಳಿ ಹರಳು. ಬೆರಳ ತುದಿಯಲ್ಲಿ ಒಂದನ್ನು ತೆಗೆದು, ಮಾಡಬಾರದ ಕೆಲಸ ಮಾಡಿದೆ: ನಾಲಿಗೆಗೆ ತಾಗಿಸಿದೆ. ಉಪ್ಪು.

ಆಗ ಹೊಳೆಯಿತು. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನಮ್ಮ ಹಾಲಿನಲ್ಲಿ ಎಸಿ ಹಾಕಿರುತ್ತೇವೆ, ಗಾಳಿ ಒಣ, ಗಿಟಾರು ಸುಮ್ಮನಿರುತ್ತದೆ. ಚರ್ಚಿನಲ್ಲಿ ಬಾಗಿಲೆಲ್ಲ ತೆರೆದು ಫ್ಯಾನು ಹಾಕುತ್ತಾರೆ. ಅಲ್ಲಿ ಉಪ್ಪು ಒದ್ದೆಯಾಗಿ, ವಿದ್ಯುತ್ತು ಹರಿಯಬಾರದ ಕಡೆ ಹರಿಯುತ್ತದೆ.

ಆದರೆ ಅನುಮಾನವನ್ನು ಎರಡನೇ ಸಲ ಉತ್ತರವೆಂದು ಹೇಳುವ ಧೈರ್ಯ ನನಗಿರಲಿಲ್ಲ. ಎಸಿ ಆರಿಸಿದೆ, ಬಾಲ್ಕನಿ ಬಾಗಿಲು ತೆರೆದೆ. ಬೋರ್ಡನ್ನು ಜಾಗಕ್ಕೆ ಸೇರಿಸಿ, ಗಿಟಾರನ್ನು ಪುಟ್ಟ ಸ್ಪೀಕರಿಗೆ ಜೋಡಿಸಿ, ಕುರ್ಚಿಯ ಮೇಲೆ ಬೋರಲಾಗಿ ಮಲಗಿಸಿದೆ. ಪಕ್ಕದಲ್ಲಿ ರೈಸ್ ಕುಕ್ಕರಿಗೆ ಬರೀ ನೀರು ಹಾಕಿ, ಆವಿ ಏಳಲೆಂದು ಮುಚ್ಚಳ ತೆಗೆದು ಸ್ವಿಚ್ ಒತ್ತಿದೆ.

"ಎಂತ ಮಾಡ್ತಿ? ಗಿಟಾರಿಗೆ ಗಂಜಿಯಾ?" ಎಂದರು ಆಂಟಿ.

ಗಡಿಯಾರ ನೋಡುತ್ತ ಕೂತೆವು. ಐದು ನಿಮಿಷ. ಎಂಟು. ಏನೂ ಇಲ್ಲ. ಗಿಟಾರು ಸುಮ್ಮನೇ ಇದ್ದರೆ ಅಂಕಲ್‌ರಿಗೆ ಹೇಳಲು ನನ್ನ ಬಳಿ ಏನೂ ಉಳಿಯುತ್ತಿರಲಿಲ್ಲ. ಹನ್ನೆರಡನೇ ನಿಮಿಷಕ್ಕೆ, ಯಾರೂ ಮುಟ್ಟದ ಆ ಗಿಟಾರಿನಿಂದ, ಸ್ಪೀಕರಿನಲ್ಲಿ ಕರಕರ ಎದ್ದಿತು.

"ನೋಡಿ, ಒಳಗೆ ಉಪ್ಪು ಸೇರಿದೆ," ಎಂದು ನಾನು ಆಂಟಿಯತ್ತ ತಿರುಗಿದೆ. ಅವರ ಮುಖ ಬಿಳಿಚಿಕೊಂಡಿತ್ತು. "ಉಪ್ಪು ಅಂದ್ಯಲ್ಲ, ಅದು ನಾನೇ ಹಾಕಿದ್ದು," ಎಂದರು.

ಕೈ ನಡುಗಲು ಶುರುವಾದಂದಿನಿಂದ, ಪ್ರತಿ ಶನಿವಾರ ಅಂಕಲ್ ಸ್ನಾನಕ್ಕೆ ಹೋದಾಗ, ಪವಿತ್ರ ಜಲದಲ್ಲಿ ಬಟ್ಟೆ ಅದ್ದಿ ಗಿಟಾರಿನ ಗುಂಡಿಗಳನ್ನೆಲ್ಲ ಒರೆಸುತ್ತಿದ್ದರಂತೆ. ಊರಿನ ಪಾದ್ರಿಗಳು ಆಶೀರ್ವದಿಸಿ ಕೊಟ್ಟ ಉಪ್ಪನ್ನೂ ಅದಕ್ಕೆ ಸೇರಿಸುತ್ತಿದ್ದರು. "ಪಾದ್ರಿಗಳು ಒಂದು ಚಿಟಿಕೆ ಅಂದಿದ್ದರು. ನಾನು ಒಂದು ಚಮಚ ಹಾಕ್ತಿದ್ದೆ. ಇವರ ಕೈ ನಿಲ್ಲಲಿ ಅಂತ." ಆಮೇಲೆ ನನ್ನ ಮೊಣಕೈ ಹಿಡಿದರು. "ಇವರಿಗೆ ಹೇಳ್ಬೇಡ ಐರಿನ್."

ಅಂಕಲ್‌ರನ್ನು ಕೂಡಲೇ ಬರಹೇಳಿದೆ. ಮುಖ ಗಂಟಿಕ್ಕಿಕೊಂಡೇ ಬಂದರು. "ಎರಡೂ ಕೈ ಕಟ್ಟಿಕೊಂಡು ಕೂತ್ಕೊಳ್ಳಿ" ಎಂದೆ. ಕಂಕುಳಲ್ಲಿ ಕೈ ಸಿಕ್ಕಿಸಿ ಕೂತರು. ಸ್ಪೀಕರು ತನ್ನಷ್ಟಕ್ಕೆ ಕರಕರಗುಟ್ಟುತ್ತಿತ್ತು. ಅವರು ಗಿಟಾರನ್ನು ನೋಡಿದರು, ತಮ್ಮ ಕಂಕುಳನ್ನು ನೋಡಿಕೊಂಡರು, ಮತ್ತೆ ಗಿಟಾರನ್ನು.

"ನಾನಲ್ಲ," ಎಂದರು, ಬಹಳ ಮೆಲ್ಲಗೆ. ನಾನು ಬೋರ್ಡಿನ ಮೇಲಿನ ಉಪ್ಪಿನ ವಿಷಯ ಹೇಳಿದೆ. "ಒಳಗೆ ಉಪ್ಪು ಎಲ್ಲಿಂದ ಬಂತು?" ಎಂದು ಕೇಳಿದರು.

"ಪಿನಾಂಗ್ ಅಲ್ವಾ ಅಂಕಲ್, ಸಮುದ್ರದ ಗಾಳಿ..." ಕಾನ್ವೆಂಟಿನಲ್ಲಿ ಕಲಿತ ನನಗೆ ಸುಳ್ಳನ್ನು ಪೂರ್ತಿ ಹೇಳಿ ಅಭ್ಯಾಸವಿಲ್ಲ.

"ಸಮುದ್ರ ಅಲ್ಲ," ಎಂದರು ಸ್ಟೆಲ್ಲಾ ಆಂಟಿ. "ನಾನು." ಎಲ್ಲವನ್ನೂ ಹೇಳಿದರು.

"ನಡುಗುವುದು ನನ್ನ ಕೈ," ಎಂದರು ಅಂಕಲ್. "ಅದನ್ನು ಬಿಟ್ಟು ಗಿಟಾರಿಗೆ ಸ್ನಾನ ಮಾಡಿಸಿದ್ದಾ, ಮಾರಾಯ್ತಿ?"

ಆಂಟಿ ನಗಲೂ ಆಗದೆ ಅಳಲೂ ಆಗದೆ ಬೆಡ್‌ಶೀಟು ಮಡಚತೊಡಗಿದರು.

ಇನ್ನು ಉಳಿದದ್ದು ಮೂರು ದಿನ. ಹೊಸ ಪ್ರೀಆಂಪ್ ತರಿಸಲು ಹತ್ತು ದಿನ ಬೇಕು. ಆ ಬೋರ್ಡನ್ನೇ ಪೂರ್ತಿ ತೆಗೆದು, ಬ್ಯಾಟರಿಯಿಲ್ಲದ ಹಳೇ ಕ್ರಮದಲ್ಲಿ ಜೋಡಿಸುವುದೊಂದೇ ದಾರಿ. ಪಿಕಪ್ಪುಗಳನ್ನು ಮೀಟರಿನಲ್ಲಿ ಅಳೆದೆ. ಎರಡೂ ಎಂಟು ಕಿಲೋಓಮ್‌ನ ಆಸುಪಾಸು; ಅಂದರೆ ಆರೋಗ್ಯವಾಗಿವೆ, ಪ್ರೀಆಂಪಿಲ್ಲದೆಯೂ ಕೆಲಸ ಮಾಡಬಲ್ಲವು. ಶುಕ್ರವಾರ ಗಂಡ ಬಿಡಿಭಾಗದ ಅಂಗಡಿಯಿಂದ 250 ಕಿಲೋಓಮ್‌ನ ಮೂರು ಪೊಟೆನ್ಶಿಯೋಮೀಟರ್, ಅಂದರೆ ಗುಂಡಿಯ ಕೆಳಗಿನ ತಿರುಗು ಭಾಗ, ಮತ್ತು ಒಂದು ಕೆಪ್ಯಾಸಿಟರ್ ತಂದರು. ಪಿಕಪ್ಪಿನ ಎಳೆ ಕೂದಲಿಗಿಂತ ತುಸು ದಪ್ಪ. ಅದು ಬುಡದಲ್ಲಿ ತುಂಡಾದರೆ ಪಿಕಪ್ಪೇ ಸತ್ತಂತೆ. ಹಳೇ ಬೆಸುಗೆ ಕರಗಿಸುತ್ತ, ಮೊಣಕೈಯನ್ನು ಮೇಜಿಗೆ ಒತ್ತಿ, ಉಸಿರು ಹಿಡಿದು ಒಂದೊಂದೇ ಬಿಡಿಸಿದೆ. ನಾಲ್ಕೂ ಎಳೆ ಉಳಿದವು.

ಶನಿವಾರ ಮಧ್ಯಾಹ್ನ ಪರೀಕ್ಷೆ ನಮ್ಮ ಹಾಲಿನಲ್ಲಿ ಮಾಡಲಿಲ್ಲ. ಗಿಟಾರನ್ನು ಚರ್ಚಿಗೇ ಒಯ್ದು, ಬಾಗಿಲು ತೆರೆದು, ಒಂದು ಗಂಟೆ ಕುರ್ಚಿಯ ಮೇಲೆ ಒಂಟಿಯಾಗಿ ಬಿಟ್ಟೆವು. ನಾನು, ಅಂಕಲ್, ಆಂಟಿ, ಆಗ್ನೆಸ್, ನಾಲ್ವರೂ ಬೆಂಚಿನಲ್ಲಿ ಸಾಲಾಗಿ ಕೂತು ಕಾದೆವು. ಸ್ಪೀಕರು ಉಸಿರೆತ್ತಲಿಲ್ಲ. ಆಗ್ನೆಸ್ ಎದ್ದು ಹೋಗಿ, ಅಂಕಲ್‌ರ ಸ್ಟೂಲನ್ನು ತಾವೇ ಎತ್ತಿ ಹಳೇ ಜಾಗದಲ್ಲಿಟ್ಟರು. "ಸಾರಿ ಲಾ, ಅಂಕಲ್."

ಭಾನುವಾರ ಪೂಜೆಗೆ ಮುಂಚೆ ಆಂಟಿ ಬಾಗಿಲ ಬಳಿಯ ಪವಿತ್ರ ಜಲದಲ್ಲಿ ಬೆರಳದ್ದಿ, ಈ ಸಲ ಗಂಡನ ಬಲಗೈ ಮೇಲೆ ಶಿಲುಬೆ ಗುರುತು ಹಾಕಿದರು. ಕರ್ಚೀಫಿನಿಂದ ಅದನ್ನು ಪೂರ್ತಿ ಒರೆಸಿದ ಮೇಲೆಯೇ ಗಿಟಾರು ಕೊಟ್ಟರು.

ಮೊದಲ ಹಾಡು ನಿರ್ಮಲವಾಗಿ ಸಾಗಿತು. ಎರಡನೆಯದರ ನಡುವೆ ಅಂಕಲ್‌ರ ಬೆರಳು ನಡುಗಿ ಪಕ್ಕದ ತಂತಿಗೆ ಬಿತ್ತು. ತಪ್ಪು ಸ್ವರ, ದುಂಡಗೆ, ಸ್ಪಷ್ಟವಾಗಿ, ಇಡೀ ಚರ್ಚಿಗೆ ಕೇಳಿಸಿತು. ಅವರು ತಲೆಯೆತ್ತಿ ನನ್ನನ್ನು ಹುಡುಕಿದರು. ಹುಬ್ಬು ಹಾರಿಸಿ, ಎದೆಯ ಮೇಲೆ ಹೆಬ್ಬೆರಳಿಟ್ಟು ತೋರಿಸಿದರು: ಇದು ನಂದೇ. ಅಷ್ಟು ಸಂತೋಷದಿಂದ ತಪ್ಪೊಪ್ಪಿಕೊಂಡವರನ್ನು ನಾನು ನೋಡಿಲ್ಲ. ನುಡಿಸುವುದನ್ನು ಅವರು ನಿಲ್ಲಿಸಲಿಲ್ಲ.

ಕೆಟ್ಟ ವಸ್ತುವನ್ನು ಅದು ಕೆಡುವ ಜಾಗದಲ್ಲೇ ಪರೀಕ್ಷಿಸಬೇಕೆಂದು ಆ ವಾರ ಕಲಿತೆ. ಅದಕ್ಕಿಂತ ಮೊದಲು, ಯಾರದೋ ಕೈಯನ್ನು ದೂರುವಾಗ, ಆ ಕೈಯನ್ನು ಒಮ್ಮೆ ದೂರವಿಟ್ಟು ಕೇಳಬೇಕೆಂದೂ. ಆ ಹಸಿರು ಕಿಲುಬಿನ ಬೋರ್ಡ್ ಈಗಲೂ ನನ್ನ ಹೊಲಿಗೆ ಡಬ್ಬಿಯಲ್ಲಿದೆ.