ಸುಮಿತಾ ಬರೆದ ಲಕ್ಷ್ಮಿಯ ಮುಖ

ಕಾಮಸಮುದ್ರದ ಹತ್ತಿರದ ಆ ಹಳ್ಳಿಯಲ್ಲಿ ಸುಮಿತಾ ಗೀಚದ ಗೋಡೆಯೇ ಇರಲಿಲ್ಲ. ಒಲೆಯ ಇದ್ದಿಲು ಕೈಗೆ ಸಿಕ್ಕರೆ ಸಾಕು, ಕೋಳಿ, ಎಮ್ಮೆ, ಜಗಳಕ್ಕೆ ಬಂದ ಪಕ್ಕದ ಮನೆಯವರು, ಎಲ್ಲರೂ ಗೋಡೆ ಏರುತ್ತಿದ್ದರು. ಕೂಲಿಗೆ ಹೋಗುವ ತಾಯಿ ಚಿಕ್ಕವೆಂಕಟಮ್ಮ ಬೈದು ಬೈದು ಸಾಕಾಗಿ, ಮಗಳ ಪಿಯುಸಿ ಮುಗಿದ ಬೇಸಿಗೆಯಲ್ಲಿ ಅವಳನ್ನು ಬಸ್ಸು ಹತ್ತಿಸಿಕೊಂಡು ಆಂಡರ್ಸನ್‌ಪೇಟೆಗೆ ಬಂದಳು. ಅಲ್ಲಿ ಮುನಿಸ್ವಾಮಪ್ಪ ಎಂಬ ಹಿರಿಯರಿದ್ದರು. ಅವರ ತಾತ ಮೈಸೂರು ಅರಮನೆಯಲ್ಲಿ ಚಿತ್ರ ಬರೆದವರು; ಆ ವಿದ್ಯೆಯನ್ನು ತಾತನ ಪಕ್ಕದಲ್ಲೇ ಕೂತು ಕಲಿತವರು ಇವರು.

“ಸೋಮಿ, ಇವ್ಳ ಕೈ ಸುಮ್ಕಿರಲ್ಲ. ಏನಾನ ಕಲ್ಸಿ,” ಎಂದಳು ತಾಯಿ.

“ಒಂದು ವರ್ಸ ಬರೀ ಗೆರೆ ಎಳೀಬೇಕು. ಬಣ್ಣ ಮುಟ್ಟಂಗಿಲ್ಲ. ಆಗ್ತದೇನಮ್ಮಾ?”

ಸುಮಿತಾ ತಲೆಯಾಡಿಸಿದಳು. ಹುಣಸೆ ಕಡ್ಡಿ ಸುಟ್ಟ ಇದ್ದಿಲಿನಿಂದ ಬೆರಳು, ಕಿವಿ, ಸೆರಗಿನ ಮಡಿಕೆ ಬರೆಯುವುದು, ಮೇಷ್ಟ್ರು ಒರೆಸಿಹಾಕುವುದು, ಮತ್ತೆ ಬರೆಯುವುದು. ಊರಿಗೆ ಮರಳುವಾಗ ಬಸ್ಸಿನಲ್ಲಿ ಎಷ್ಟೋ ಸಲ ಕಣ್ಣೀರು ಬಂದದ್ದುಂಟು. ಆದರೂ ಬೆಳಗಾದರೆ ಮತ್ತೆ ಹಾಜರು.

ಕೊನೆಗೊಂದು ದಿನ ಪಟದ ಮೇಲೆ ಚಿನ್ನದ ರೇಕು ಅಂಟಿಸಲು ಬಿಟ್ಟರು. ಉಸಿರು ತಾಕಿದರೂ ಹಾರುವಷ್ಟು ತೆಳು. ಅದೇ ಹೊತ್ತಿಗೆ ಅವಳಿಗೆ ಸೀನು ಬಂತು. ರೇಕು ಹಾರಿ ಮೇಷ್ಟ್ರ ಮೀಸೆಗೆ ಅಂಟಿತು. ಸುಮಿತಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವರು ಕನ್ನಡಿ ನೋಡಿಕೊಂಡು, “ಅರಮನೇಲಿ ನಮ್ ತಾತಂಗೂ ಇಂಥ ಮರ್ವಾದೆ ಸಿಕ್ಕಿರ್ಲಿಲ್ಲ,” ಎಂದು ಬಿದ್ದು ಬಿದ್ದು ನಕ್ಕರು.

ಬಂಗಾರಪೇಟೆಯ ಮನೆಯೊಂದರ ದೇವರ ಕೋಣೆಗೆ ಲಕ್ಷ್ಮಿಯ ಪಟ ಬೇಕಾದಾಗ, ಮುಖ ಬರೆಯುವುದನ್ನು ಅವಳಿಗೇ ಒಪ್ಪಿಸಿದರು. ಬರೆದದ್ದನ್ನು ನೋಡಿ ಹುಬ್ಬು ಗಂಟಿಕ್ಕಿದರು.

“ಲಕ್ಷ್ಮಿ ಯಾಕಮ್ಮಾ ಬಿಸ್ಲಲ್ಲಿ ಕಳೆ ಕಿತ್ಕೊಂಡ್ ಬಂದಂಗವ್ಳೆ?”

“ನಾನು ಚೆನ್ನಾಗಿ ನೋಡಿರೋ ಮುಖ ನಮ್ಮಮ್ಮಂದೊಂದೇ ಸಾ.”

ಮೇಷ್ಟ್ರು ಪಟದ ಹತ್ತಿರಕ್ಕೆ ಬಾಗಿ ಇನ್ನೊಮ್ಮೆ ನೋಡಿದರು. “ಕೆನ್ನೆ ಒಸಿ ತುಂಬು. ಮಿಕ್ಕಿದ್ದು ಅಂಗೇ ಇರ್ಲಿ,” ಎಂದರು. ಎಲ್ಲ ಮುಗಿದ ಮೇಲೆ ಕೊನೆಗೆ ಬರೆಯುವ ಕಣ್ಣನ್ನು ಅವರು ಯಾರ ಕೈಗೂ ಬಿಟ್ಟವರಲ್ಲ. ಅಂದು ಕುಂಚವನ್ನು ಅವಳತ್ತ ಚಾಚಿದರು.

ಪಟ ಕಳಿಸುವ ದಿನ ಚಿಕ್ಕವೆಂಕಟಮ್ಮ ನೋಡಲು ಬಂದಳು. ಕೈಮುಗಿದು ನಿಂತು, “ಈಯಮ್ಮನ್ನ ಎಲ್ಲೋ ನೋಡ್ದಂಗದೆ ಕಣೇ,” ಎಂದಳು.

ಮೇಷ್ಟ್ರು ಕೆಮ್ಮುವ ನೆಪದಲ್ಲಿ ಎದ್ದು ಆಚೆ ಹೋದರು. ಸುಮಿತಾ ತಾಯಿಯ ಹೆಗಲಿಗೆ ಒರಗಿಕೊಂಡಳು.