ಉಸಿರಿಗೆಂದು ಖಾಲಿ ಬಿಟ್ಟ ಹೆಜ್ಜೆ

ಹೋದ ಸೋಮವಾರ. ಬೆಳಕು ಇನ್ನೂ ನೀರುಮಜ್ಜಿಗೆಯಷ್ಟು ತೆಳ್ಳಗಿದೆ. ಶಾಲೆಯ ಹಿಂದಿನ ಮೈದಾನದಲ್ಲಿ ಹದಿನಾಲ್ಕು ಮಂದಿ ಎರಡು ಸಾಲಾಗಿ ಓಡುತ್ತಿದ್ದಾರೆ. ಸಾಲಿನ ಎಡಕ್ಕೆ, ಒಂದು ಮಾರು ದೂರದಲ್ಲಿ, ಎತ್ತರದ ಬೋಳುತಲೆಯವರೊಬ್ಬರು ಜೊತೆಗೇ ಓಡುತ್ತ ಕೂಗು ಹಾಕುತ್ತಾರೆ.

"ನನ್ನ ಕುರ್ಚಿ, ಅವನು ಕೂತ!"

ಹದಿನಾಲ್ಕು ಗಂಟಲು ಅದನ್ನೇ ತಿರುಗಿಸಿ ಕೂಗುತ್ತವೆ. ಮಾತು ಬೀಳುವುದು ಎಡಗಾಲು ನೆಲ ಮುಟ್ಟಿದಾಗಲೇ.

"ನನ್ನ ನಾಯಿ, ಬಾಲ ಆಡ್ತು!"

ಇವರು ಲೂಷಿಯಸ್ ಗ್ಯಾಡ್ಸನ್, ಅರವತ್ತೊಂದು ವರ್ಷ. ಸೈನ್ಯದಲ್ಲಿ ಸಾರ್ಜೆಂಟ್ ಆಗಿದ್ದವರು. ನಮ್ಮ ಬೀದಿಗೆ ಬರೀ ಸಾರ್ಜ್. ಹಗಲು ಶಾಲಾ ಬಸ್ಸುಗಳ ರಿಪೇರಿ. ಬೆಳಗಿನ ಜಾವ ಆಸ್ಪತ್ರೆಯ ಆಯಾಗಳು, ಚರ್ಚಿನ ಹೆಂಗಸರು, ಮೊಣಕಾಲು ಸವೆದ ಹಳೇ ಸಿಪಾಯಿಗಳನ್ನು ಸೇರಿಸಿ ಓಡಿಸುತ್ತಾರೆ. ಇದಕ್ಕೆ ಯಾರೂ ಸಂಬಳ ಕೊಟ್ಟಿಲ್ಲ, ಇವರು ಕೇಳಿಯೂ ಇಲ್ಲ.

ಆ ಹಾಡಿನಲ್ಲಿ ಕುರ್ಚಿ ಹಿಡಿದವನು ಯಾರೆಂದು ಜಾರ್ಜಿಯಾದ ಈ ಸೈನಿಕ ನೆಲೆಯ ಸುತ್ತ ಹುಟ್ಟಿದ ಮಗುವಿಗೂ ಗೊತ್ತು. ಅವನು ಊರಲ್ಲೇ ಉಳಿದವನು. ಸಿಪಾಯಿ ದೂರದ ದೇಶದಲ್ಲಿ ಬೆವರು ಸುರಿಸುವಾಗ ಅವನ ಕಾರು ಓಡಿಸಿ, ಅವನ ಹುಡುಗಿಯ ಕೈಯಡುಗೆ ಉಣ್ಣುವವನು. ಅವನನ್ನು ಕಣ್ಣಾರೆ ಕಂಡವರಿಲ್ಲ, ಆದರೆ ಎಲ್ಲರಿಗೂ ಅವನ ಮೇಲೆ ಹೊಟ್ಟೆಕಿಚ್ಚು. ಹೊಟ್ಟೆಕಿಚ್ಚು ಹೊತ್ತಿದರೆ ದಣಿದ ಕಾಲೂ ಓಡುತ್ತದೆ ಎಂದು ನಮ್ಮ ಹಿರಿಯರು ಎಂದೋ ಕಂಡುಕೊಂಡಿದ್ದರು.

"ಕೂಗ್ಬೇಕಾದ್ರೆ ಉಸಿರು ಹೊರಗೆ ಹೋಗ್ಲೇಬೇಕು," ಎನ್ನುತ್ತಾರೆ ಸಾರ್ಜ್, ಊರಿನ ಪತ್ರಿಕೆಗೆಂದು ಬರೆದುಕೊಳ್ಳುತ್ತಿರುವ ನನ್ನ ಕಡೆ ತಿರುಗಿ. "ಹೋಗಿದ್ದು ಒಳಗೆ ಬರೋಕೆ ಜಾಗ ಬೇಕಲ್ವಾ? ಅದಕ್ಕೇ ಸಾಲು ಮುಗಿದ ಮೇಲೆ ಒಂದು ಹೆಜ್ಜೆ ಖಾಲಿ ಬಿಡ್ತೀವಿ. ಆ ಹೆಜ್ಜೆ ಕೂಗೋನ್ದಲ್ಲ, ಓಡೋರ್ದು."

ಹತ್ತಿ ಗಿರಣಿಯ ಕೂಲಿಯ ಮಗ. ಹದಿನೆಂಟಕ್ಕೆ ಸೈನ್ಯ ಸೇರಿದರು. ಒಂದು ದಿನ ಕೂಗು ಹಾಕುವವನಿಗೆ ಜ್ವರ ಬಂತು, ಇವರನ್ನು ಎಡಕ್ಕೆ ನಿಲ್ಲಿಸಿದರು. ಅಲ್ಲಿಂದ ಇಪ್ಪತ್ತೆರಡು ವರ್ಷ ಅದೇ ಜಾಗ. ಊರಿಗೆ ಬಂದ ಮೇಲೂ ಅದೇ. ನವೆಂಬರಿನಲ್ಲಿ ನಿವೃತ್ತ ಸಿಪಾಯಿಗಳ ದಿನ ಊರಿಗೆ ಊರೇ ಓಡುತ್ತದಲ್ಲ, ಅದರ ಮುಂಚೂಣಿಯ ಕೂಗು ಪ್ರತಿ ವರ್ಷವೂ ಇವರದೇ.

ಹೋದ ವರ್ಷ ಆ ಓಟ ಮುಗಿದ ಮೇಲೆ ಗಂಟಲಲ್ಲಿ ಗಂಟು ಕಾಣಿಸಿತು. ಕತ್ತರಿಸಿ ತೆಗೆದ ವೈದ್ಯರು, ಚಳಿಗಾಲ ಮುಗಿಯುವವರೆಗೆ ಬಾಯಿ ಬಿಡಕೂಡದು ಎಂದರು. ತಂಡ ಚದುರಬಾರದೆಂದು ಸಾರ್ಜ್ ತಾವೇ ತಯಾರು ಮಾಡಿದ ರೊನೆಟ್ ಪೆಟಿಗ್ರೂಗೆ ಜಾಗ ಬಿಟ್ಟರು. ರೊನೆಟ್ ಆಸ್ಪತ್ರೆಯಲ್ಲಿ ರೋಗಿಗಳ ಮಂಚ ತಳ್ಳುವ ಕೆಲಸದವಳು, ಮೂವತ್ತರ ಆಸುಪಾಸು. ವಸಂತದಲ್ಲಿ ಇವರು ಮರಳಿದಾಗ ನಲವತ್ತು ಜನರಲ್ಲಿ ಹದಿನಾಲ್ಕು ಜನ ಮಾತ್ರ ಇವರ ಕಡೆ ಬಂದು ನಿಂತರು.

ಹೆಂಡತಿ ಬರ್ನೀಸ್ ಬಾಣಲೆಯಲ್ಲಿ ಮೊಟ್ಟೆ ಮಗುಚುತ್ತ ನಗುತ್ತಾರೆ. "ಜನ್ಮವೆಲ್ಲ ಊರಲ್ಲುಳಿದವನನ್ನ ಬೈದ್ರು. ಕೊನೆಗೂ ಸಿಕ್ಕ ನೋಡಿ. ಲಂಗ ಹಾಕ್ಕೊಂಡು ಬಂದಿದಾನೆ!"

"ಅವಳು ಲಂಗ ಹಾಕಲ್ಲ," ಎಂದು ಸಾರ್ಜ್ ಗೊಣಗುತ್ತಾರೆ.

"ಅದನ್ನೂ ನೋಡಿಟ್ಕೊಂಡಿದೀರಾ!"

ನೋಡದೆ ಏನು? ರೊನೆಟ್‌ಳ ತಂಡ ಕೆರೆಯ ದಂಡೆಯಲ್ಲಿ ಓಡುತ್ತದೆ. ಇವರು ಬಸ್ಸಿನ ಎಂಜಿನ್ನಿನೊಳಗೆ ತಲೆ ತೂರಿಸಿದ್ದರೂ ಅವಳ ಕಡೆ ಇವತ್ತು ಎಷ್ಟು ಜನ ಎಂದು ವಿಚಾರಿಸದೆ ಬಿಡುವುದಿಲ್ಲ. "ದನಿ ತೆಳುವು," ಎನ್ನುತ್ತಾರೆ. "ಹಾಡೋ ಕಾಫೀದು, ಪಲ್ಯದ್ದು. ಅದೂ ಒಂದು ಕೂಗಾ?" ಹೀಗೆ ಹೇಳಿದ ಮರುಗಳಿಗೆ, "ಹ್ಯಾಟಿ ಹೋಗಿಲ್ಲ ತಾನೇ ಆ ಕಡೆ?" ಎಂದು ತಮ್ಮ ಸಾಲಿನವರೊಬ್ಬರ ಬಗ್ಗೆ ಕೇಳುತ್ತಾರೆ.

ಈ ನವೆಂಬರಿನಲ್ಲಿ ಮುಂಚೂಣಿ ಯಾರದು? ನಮ್ಮಲ್ಲಿ ಇದಕ್ಕೆ ಓಟು, ಚೀಟಿ ಇಲ್ಲ. ಎರಡು ತಂಡಗಳು ಒಂದೇ ರಸ್ತೆಯಲ್ಲಿ ಎದುರುಬದುರಾಗಿ ಬಂದು, ಕೂಗುತ್ತಲೇ ಒಂದನ್ನೊಂದು ದಾಟಬೇಕು. ಯಾರ ಓಟಗಾರರು ಹೆಜ್ಜೆ ತಪ್ಪಿ ಎದುರು ಕೂಗಿಗೆ ಕಾಲು ಹಾಕುತ್ತಾರೋ ಅವರು ಸೋತಂತೆ. ಹೆಜ್ಜೆ ಕದಿಯುವುದು ಎನ್ನುತ್ತಾರೆ ಇದಕ್ಕೆ.

ಹೋದ ಮಂಗಳವಾರ ಚರ್ಚಿನ ಮುಂದಿನ ರಸ್ತೆಯಲ್ಲಿ ಅದು ನಡೆಯಿತು. ದೂರದಲ್ಲಿ ರೊನೆಟ್‌ಳ ಸಾಲು ಕಂಡದ್ದೇ ತಡ, ಸಾರ್ಜ್ ದನಿ ಏರಿಸಿದರು. ಅಷ್ಟಾಗಿದ್ದರೆ ಚಿಂತೆಯಿರಲಿಲ್ಲ. ಅವಳ ಕೂಗು ನಡುವೆ ನುಸುಳದಿರಲೆಂದು ಖಾಲಿ ಹೆಜ್ಜೆಯನ್ನೂ ಮಾತಿನಿಂದ ತುಂಬಿಬಿಟ್ಟರು. ಕುರ್ಚಿ, ಕಾರು, ನಾಯಿ, ಅಡುಗೆ, ಒಂದರ ಬಾಲಕ್ಕೆ ಇನ್ನೊಂದು. ಹಿಂದಿದ್ದವರಿಗೆ ಉಸಿರೆಳೆಯಲು ಎಡೆಯೇ ಇಲ್ಲ. ಚರ್ಚಿನಲ್ಲಿ ಹಾಡುವ ಮಿಸ್ ಹ್ಯಾಟಿಯವರ ಮುಖ ಬೂದಿಬಣ್ಣಕ್ಕೆ ತಿರುಗಿತು.

"ಸಾರ್ಜ್, ಇದು ಓಟಾನೋ ಕೊಲೇನೋ?" ಎಂದವರೇ ರಸ್ತೆಬದಿ ಕುಳಿತುಬಿಟ್ಟರು.

ಆಗ ಎದುರಿನಿಂದ ಬಂತು:

"ಏಳು ಕಾಲೇ, ಸ್ವಲ್ಪ ದಾರಿ!"

ಆಮೇಲೆ ಒಂದು ಹೆಜ್ಜೆ ಮೌನ. ಆ ಮೌನದಲ್ಲಿ ಉಸಿರೆಳೆದುಕೊಂಡು ಇವರ ಸಾಲು ಒಬ್ಬೊಬ್ಬರಾಗಿ ಅವಳ ಹೆಜ್ಜೆಗೆ ಜಾರಿತು.

"ಅವ್ರು ಹೋದ್ರು, ಹೋಗ್ಲಿ," ಎಂದು ಈಗ ನನಗೆ ಹೇಳುತ್ತಾರೆ ಸಾರ್ಜ್, ಬೂಟಿನ ದಾರ ಬಿಗಿಯುತ್ತ. "ನನ್ನ ಎಡಗಾಲೂ ಹೋಯ್ತು, ಮಿಸ್ ಕೋರಾ. ಬಾಯಿ ನಂದು ಕೂಗ್ತಿದೆ, ಕಾಲು ಅವಳದಕ್ಕೆ ಬೀಳ್ತಿದೆ! ನಲವತ್ತು ವರ್ಷ ಸಾಕಿದ ಕಾಲು!"

ಅವತ್ತು ಅವರು ಕೂಗು ನಿಲ್ಲಿಸಿ ಹ್ಯಾಟಿಯವರ ಬಳಿ ಹೋಗಿ ಮಂಡಿಯೂರಿದರು. ಹ್ಯಾಟಿಯವರಿಗೆ ಉಸಿರು ಮರಳಿದ ಮೇಲೆ ರೊನೆಟ್‌ಳ ಕಡೆ ತಿರುಗಿದರು.

"ಮುಂದೆ ನೀನೇ ಕೂಗು."

"ನಿಜವಾಗ್ಲೂನಾ ಸಾರ್ಜ್? ಮನಸಾರೆ ಹೇಳ್ತಿದೀರಾ?"

"ಇಲ್ಲ. ಇನ್ನೊಂದು ಸಲ ಕೇಳಿದ್ರೆ ವಾಪಸ್ ತಗೋತೀನಿ."

ರೊನೆಟ್ ಎರಡೂ ಸಾಲುಗಳ ಎಡಕ್ಕೆ ಹೋಗಿ ನಿಂತಳು.

ಇವತ್ತು ಶನಿವಾರ, ಎರಡೂ ತಂಡ ಒಂದಾಗಿ ನೀರಿನ ಟ್ಯಾಂಕಿನ ಗುಡ್ಡ ಹತ್ತುವ ಅಭ್ಯಾಸ. ಎಡಕ್ಕೆ ರೊನೆಟ್. ಸಾರ್ಜ್ ಮೂರನೇ ಸಾಲಿನಲ್ಲಿ, ಹ್ಯಾಟಿಯವರ ಪಕ್ಕ. ಮೊದಲ ಕೂಗಿಗೆ ತುಟಿ ಬಿಗಿಹಿಡಿದರು. ಎರಡನೆಯದಕ್ಕೆ ಹ್ಯಾಟಿ ಮೊಣಕೈಯಿಂದ ತಿವಿದರು: "ಬಾಯಿ ಬಿಡಪ್ಪ. ದುಃಖ ನುಂಗ್ಕೊಂಡು ಗುಡ್ಡ ಹತ್ತಕ್ಕಾಗಲ್ಲ." ಮೂರನೆಯದಕ್ಕೆ ಆ ದಪ್ಪ ದನಿ ಎಲ್ಲರ ದನಿಯೊಳಗೆ ಸೇರಿತು.

ಗುಡ್ಡದ ತುದಿಯಲ್ಲಿ ಜನ ನೀರು ಕುಡಿಯುತ್ತಿದ್ದಾರೆ. ಬೇಸರವಿಲ್ಲವೇ ಎಂದು ನಾನು ಕೇಳಿದರೆ ಸಾರ್ಜ್ ರೊನೆಟ್ ನಿಂತ ಕಡೆಗೇ ನೋಡುತ್ತಾರೆ.

"ಹೊಟ್ಟೆ ಉರೀತಿದೆ. ಸುಳ್ಳು ಯಾಕೆ ಹೇಳ್ಲಿ? ಹಾಗೇ ಬರೀರಿ. ಆದ್ರೆ ಇದನ್ನೂ ಸೇರಿಸಿ, ಮಿಸ್ ಕೋರಾ. ಅವಳ ಕೂಗಿಗೆ ಇಷ್ಟು ದೊಡ್ಡ ಗುಡ್ಡ ಹತ್ತಿ ನಿಂತು ಒಂದೇ ಸಮ ಅವಳನ್ನ ಬೈತಾ ಇದೀನಿ, ಏದುಸಿರು ಬಂತಾ ನೋಡಿ. ಹುಡುಗೀಗೆ ಚೆನ್ನಾಗೇ ಕಲ್ಸಿದೀನಿ."