ಸುಡದ ಬಾಳೆತೋಟ

"ಯಾವ ಬೆಂಕಿರೀ ಸರ? ಸಿನಿಮಾದವ್ರು ಅವತ್ತ ಬರೇ ಹೊಗಿ ಬಿಟ್ಟಿದ್ರು. ಬೆಂಕಿ ಆಮ್ಯಾಲ ಕಂಪ್ಯೂಟರ್‌ನ್ಯಾಗ ಹಚ್ಯಾರ. ತೋಟ ಸುಟ್ಟದಂತ ನೀವ ಹೇಳ್ಕೋತ ಹೊಂಟ್ರ, ನನ್ನ ಹಣ್ಣು ಯಾರ್ ಕೇಳ್ತಾರ?" ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುವ ಶಾಂತಕ್ಕ ಸ್ಟೇಶನ್ ಬಜಾರದಲ್ಲಿ ನನ್ನನ್ನು ತಡೆದು ಕೇಳಿದರು.

ಅವರ ತೋಟದಲ್ಲಿ ನಡೆದ ಸಿನಿಮಾ ಚಿತ್ರೀಕರಣ ನೋಡಲು ನಾನೂ ಹೋಗಿದ್ದೆ. 'ಗ್ರಾಫಿಕ್ಸ್ ಇಲ್ಲ, ಎಲ್ಲವೂ ನಿಜ' ಎಂಬ ಆ ಸಿನಿಮಾದ ಜಾಹೀರಾತು ಬಂದ ಮೇಲೆ, ಮುಖಕ್ಕೆ ಬಡಿದ ಬೆಂಕಿಯ ಕಾವನ್ನು ಸಿಕ್ಕವರಿಗೆಲ್ಲ ಬಣ್ಣಿಸಿದ್ದೆ. ಆ ಕಾವು ಈಗಲೂ ನೆನಪಿದೆ. ಮನೆಗೆ ಬಂದು ಅಂದಿನ ದಿನಚರಿ ತೆಗೆದೆ: "ಹೊಗೆಗೆ ಕಣ್ಣುರಿ. ಎರಡು ಬಾಳೆಹಣ್ಣು ತಿಂದು ಮರಳಿದೆ." ಬೆಂಕಿಯ ಮಾತೇ ಇರಲಿಲ್ಲ.

ಸಂಜೆಯೇ ಹಣ್ಣಿನ ಅಂಗಡಿಗಳಿಗೆ ಹೋಗಿ, ತೋಟ ಸುಟ್ಟಿಲ್ಲವೆಂದು ಹೇಳಿದೆ. ಒಬ್ಬರು ವ್ಯಾಪಾರಿ ಮಾತ್ರ ನಂಬಲಿಲ್ಲ, ತೋಟ ಉರಿಯುವುದನ್ನು ಸಿನಿಮಾದಲ್ಲಿ ಕಣ್ಣಾರೆ ನೋಡಿದ್ದರಂತೆ. ನಾಳೆ ಅವರನ್ನು ಕಮಲಾಪುರಕ್ಕೆ ಕರೆದೊಯ್ಯುತ್ತೇನೆ.